ಮಾಲ್ಡೀವ್ಸ್‌ನಂಥ ಪುಟ್ಟ ದೇಶಕ್ಕೆ ಯೋಜನೆ ಹಾಕುವುದು ಅಷ್ಟೇನು ಕಷ್ಟ?

ಇರುವುದೇ 5 ಲಕ್ಷ ಜನ, ಪ್ರವಾಸಿಗರ ಡಾಲರ್ ಬೇರೆ ಬರುತ್ತದೆ, ನಮ್ಮ ಒಂದು ತಾಲೂಕು ನಡೆಸಿದ ಹಾಗೆ ನಡೆಸಬಹುದಲ್ವಾ, ಅದಕ್ಕೆ ರಾಷ್ಟ್ರೀಯ ಯೋಜನೆ ಗೀಜನೆ ಎಲ್ಲ ಯಾಕೆ ಅಂತ ನೀವು ಕೇಳಿದ್ದೀರಿ. ಅಲ್ಲಿಗೆ ಮೇಷ್ಟ್ರ ಕೆಲಸಕ್ಕೆ ಹೋಗುವ ಮುಂಚೆ ನಾನೂ ಹೀಗೇ ಅಂದುಕೊಂಡಿದ್ದೆ. ಒಂದು ಚಿಕ್ಕ ದ್ವೀಪದ ಶಾಲೆಯಲ್ಲಿ ಮೂರು ವರ್ಷ ಗಣಿತ ಹೇಳಿಕೊಟ್ಟೆ. ವಾಪಸ್ ಬರುವ ಹೊತ್ತಿಗೆ, ತಾಲೂಕು ನಡೆಸುವುದೇ ಸುಲಭ ಅನ್ನಿಸಿಬಿಟ್ಟಿತ್ತು.

ಯಾಕೆ ಅಂದರೆ ತಾಲೂಕಿಗೆ ರಸ್ತೆ ಇದೆ. ಅಷ್ಟೇ ವ್ಯತ್ಯಾಸ, ಆದರೆ ಎಲ್ಲ ಅದರಲ್ಲೇ ಇದೆ.

ಲೆಕ್ಕ ನೋಡಿ. ದೇಶದ ಒಟ್ಟು ನೆಲ ಸುಮಾರು 300 ಚದರ ಕಿಲೋಮೀಟರ್, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೆ ಆ ನೆಲ ಸುಮಾರು 1,200 ಚೂರುಗಳಾಗಿ, ಉತ್ತರದಿಂದ ದಕ್ಷಿಣಕ್ಕೆ 860 ಕಿಲೋಮೀಟರ್ ಉದ್ದಕ್ಕೆ ಸಮುದ್ರದಲ್ಲಿ ಚೆಲ್ಲಿಕೊಂಡಿದೆ. ಬೀದರ್‌ನಿಂದ ಚಾಮರಾಜನಗರದ ಗಡಿಗೆ ನೇರ ಗೆರೆ ಎಳೆದರೂ ಅಷ್ಟು ಉದ್ದ ಬರುವುದಿಲ್ಲ. ಜನ ಇರುವುದು ಸುಮಾರು 190 ದ್ವೀಪಗಳಲ್ಲಿ. ನಮ್ಮಲ್ಲಿ ನಾಲ್ಕು ಊರಿಗೆ ಒಂದು ಹೈಸ್ಕೂಲು, ಹತ್ತು ಊರಿಗೆ ಒಂದು ಸಬ್‌ಸ್ಟೇಷನ್ ಇಟ್ಟರೆ ನಡೆಯುತ್ತದೆ. ಅಲ್ಲಿ 600 ಜನರ ದ್ವೀಪಕ್ಕೂ ಅದರದ್ದೇ ಡೀಸೆಲ್ ಪವರ್‌ಹೌಸು, ಅದರದ್ದೇ ಶಾಲೆ, ಅದರದ್ದೇ ಆರೋಗ್ಯ ಕೇಂದ್ರ, ಕುಡಿಯುವ ನೀರಿಗೆ ಅದರದ್ದೇ ಏರ್ಪಾಡು. ಪಕ್ಕದ ಊರಿಂದ ಒಂದು ತಂತಿ ಎಳೆಯೋಣ ಅಂದರೆ ಪಕ್ಕದಲ್ಲಿ ಊರಿಲ್ಲ, ಸಮುದ್ರ ಇದೆ. ಹೀಗಾಗಿ ಪ್ರತಿಯೊಂದನ್ನೂ 190 ಸಲ ಮಾಡಬೇಕು, 190 ಸಲ ರಿಪೇರಿ ಮಾಡಬೇಕು. ಜನ ಕಡಿಮೆ ಇದ್ದಷ್ಟೂ ತಲೆಗೆ ಬೀಳುವ ಖರ್ಚು ಜಾಸ್ತಿ.

ಇದಕ್ಕಿಂತ ಮೊದಲು ಬೇಕಾಗುವುದು ಬಂದರು. ತಮಾಷೆ ಅಂದರೆ ಅವರ ಧಿವೇಹಿ ಭಾಷೆಯಲ್ಲೂ ಅದಕ್ಕೆ ಬಂದರು ಅಂತಲೇ ಅನ್ನುತ್ತಾರೆ, ನಾನು ಕಲಿತ ಮೊದಲ ಪದಗಳಲ್ಲಿ ಅದೂ ಒಂದು. ನಾನಿದ್ದ ದ್ವೀಪದಲ್ಲಿ ಬಂದರು ಹೂತುಹೋಗಿತ್ತು. ವಾರಕ್ಕೊಮ್ಮೆ ರಾಜಧಾನಿ ಮಾಲೆಯಿಂದ ಸಾಮಾನಿನ ದೋಣಿ ಬರುತ್ತಿತ್ತು (ಅದೂ ಅಲ್ಲಿ ದೋನಿಯೇ). ಅಕ್ಕಿ, ಮೊಟ್ಟೆ, ನಮ್ಮ ದೇಶದ್ದೇ ಈರುಳ್ಳಿ ಚೀಲ. ಇಳಿತದ ಹೊತ್ತಿಗೆ ಬಂದರೆ ದೋಣಿ ಒಳಗೆ ಬರಲಾಗದೆ ಹವಳದ ದಿಬ್ಬದ ಆಚೆಯೇ ನಿಲ್ಲುತ್ತಿತ್ತು. ಆಗ ಊರಿನ ಗಂಡಸರೆಲ್ಲ ಸಣ್ಣ ದೋಣಿ ತಗೊಂಡು ಹೋಗಿ, ಸೊಂಟದ ಮಟ್ಟದ ನೀರಲ್ಲಿ ನಿಂತು ಚೀಲಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ನಾನೂ ಒಂದೆರಡು ಸಲ ಹೊತ್ತಿದ್ದೇನೆ. ಗಣಿತದ ಮೇಷ್ಟ್ರು ಬೀಳುತ್ತಾನೋ ಇಲ್ಲವೋ ಅಂತ ಹುಡುಗರು ದಡದಲ್ಲಿ ಕಾದು ಕೂತಿರುತ್ತಿದ್ದರು.

ಒಂದು ರಾತ್ರಿ ಮಾತ್ರ ತಮಾಷೆ ಇರಲಿಲ್ಲ. ನನ್ನ ಕ್ಲಾಸಿನ ಹುಡುಗನ ಅಕ್ಕನಿಗೆ ಹೆರಿಗೆ ನೋವು ಶುರುವಾಯಿತು, ದೊಡ್ಡ ಆಸ್ಪತ್ರೆ ಇದ್ದದ್ದು ಬೇರೆ ದ್ವೀಪದಲ್ಲಿ, ಮಳೆಗಾಲದ ಅಲೆ ಬೇರೆ. ಸ್ಪೀಡ್‌ಬೋಟು ಬಂದರೂ ದಡಕ್ಕೆ ತಾಗಲಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ನೀರಲ್ಲಿ ಎತ್ತಿಕೊಂಡು ಹೋದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಅವತ್ತಿನಿಂದ, ಅಲ್ಲಿನ ಪ್ರತಿ ಚುನಾವಣೆಯಲ್ಲೂ ಪ್ರತಿ ದ್ವೀಪವೂ ಬಂದರು ಬಂದರು ಅಂತ ಯಾಕೆ ಬಡಿದುಕೊಳ್ಳುತ್ತದೆ ಅನ್ನುವುದು ನನಗೆ ಅರ್ಥವಾಯಿತು. ಹಾಗಂತ ತೋಡಿಬಿಟ್ಟರೆ ಮುಗಿಯಿತು ಅಂತಲೂ ಅಲ್ಲ. ಹವಳದ ದಿಬ್ಬ ಕೊರೆದು ಬಂದರು ಮಾಡಿದರೆ ಮರಳು ಹರಿಯುವ ದಾರಿ ಬದಲಾಗುತ್ತದೆ, ದ್ವೀಪದ ಇನ್ನೊಂದು ಕಡೆ ದಡ ಕೊರೆಯಲು ಶುರುವಾಗುತ್ತದೆ, ಮುಂದಿನ ಚುನಾವಣೆಗೆ ಅಲ್ಲಿ ತಡೆಗೋಡೆ ಬೇಕು ಅನ್ನುವ ಬೇಡಿಕೆ ರೆಡಿ.

ಹಾಗಾದರೆ ಜನರನ್ನೇ ಕೆಲವು ದೊಡ್ಡ ದ್ವೀಪಗಳಿಗೆ ಕರೆತಂದರೆ ಆಯ್ತಲ್ವಾ ಅಂತೀರಿ. ಆ ದೇಶದ ಯೋಜನೆಗಳಲ್ಲಿ ಸುತ್ತಿ ಸುತ್ತಿ ಬರುವ ಪ್ರಶ್ನೆಯೇ ಇದು: ಸೌಲಭ್ಯವನ್ನು ಜನರ ಹತ್ತಿರ ಒಯ್ಯಬೇಕೋ, ಜನರನ್ನು ಸೌಲಭ್ಯದ ಹತ್ತಿರ ಕರೆಯಬೇಕೋ. ಕಾಗದದ ಮೇಲೆ ಎರಡನೆಯದೇ ಅಗ್ಗ. ಆದರೆ ಸರ್ಕಾರ ಹೇಳಿತು ಅಂತ ಯಾರೂ ಸುಲಭಕ್ಕೆ ಊರು ಬಿಡುವುದಿಲ್ಲ. ನಮ್ಮಲ್ಲಿ ಅಣೆಕಟ್ಟಿಗೆ ಊರು ಬಿಟ್ಟವರನ್ನು ಕೇಳಿ ನೋಡಿ.

2004ರ ಡಿಸೆಂಬರ್ 20ಕ್ಕೆ ವಿಶ್ವಸಂಸ್ಥೆಯ ಮಹಾಸಭೆ ಮಾಲ್ಡೀವ್ಸನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲೆತ್ತುವ ತೀರ್ಮಾನ ಮಾಡಿತು. ಸರಿಯಾಗಿ ಆರು ದಿನ ಬಿಟ್ಟು ಸುನಾಮಿ ಬಂತು. ಒಂದು ಬೆಳಗ್ಗೆ ಆದ ನಷ್ಟ ದೇಶದ ಜಿಡಿಪಿಯ ಸುಮಾರು 62 ಶೇಕಡಾ. ನಮ್ಮಂಥ ದೊಡ್ಡ ದೇಶದಲ್ಲಿ ಒಂದು ಕರಾವಳಿ ಮುಳುಗಿದರೆ ಮಿಕ್ಕ ರಾಜ್ಯಗಳು ಕೈಹಿಡಿಯುತ್ತವೆ. ಅಲ್ಲಿ ಮಿಕ್ಕ ರಾಜ್ಯ ಅಂತ ಏನೂ ಇಲ್ಲ. ಪಟ್ಟಿಯಿಂದ ಹೊರಬರುವುದನ್ನು ಮುಂದಕ್ಕೆ ಹಾಕಿ, ಕೊನೆಗೆ 2011ರ ಜನವರಿ 1ಕ್ಕೆ ಹೊರಬಂದರು. ಕಂಧೊಲ್ಹುಧೂ ಅನ್ನುವ ದ್ವೀಪವಂತೂ ವಾಸಕ್ಕೇ ಯೋಗ್ಯವಾಗಿ ಉಳಿಯಲಿಲ್ಲ. ಅಲ್ಲಿನ ಜನ ಸುಮಾರು 4 ವರ್ಷ ಬೇರೆ ಬೇರೆ ದ್ವೀಪಗಳ ತಾತ್ಕಾಲಿಕ ಮನೆಗಳಲ್ಲಿದ್ದು, ಆಮೇಲೆ ಧುವಾಫರು ಎಂಬ ಖಾಲಿ ದ್ವೀಪದಲ್ಲಿ ಹೊಸದಾಗಿ ಕಟ್ಟಿದ ಊರಿಗೆ ಹೋದರು. ಆ ದ್ವೀಪದ ಜನರ ಸ್ಥಳಾಂತರ ನಿಜಕ್ಕೂ ನಡೆದದ್ದು ಹೀಗೆ, ಸಮುದ್ರ ಒದ್ದು ಹೊರಗೆ ಹಾಕಿದ ಮೇಲೆ.

ರಿಸಾರ್ಟ್ ವಿಷಯ. ಅದರಲ್ಲಿ ಅವರ ಜಾಣತನ ಒಪ್ಪಲೇಬೇಕು. 1972ರಲ್ಲಿ ಕುರುಂಬಾ ಅನ್ನುವ ಮೊದಲ ರಿಸಾರ್ಟ್ ಬಂತು, ಆಮೇಲೆ ಒಂದು ದ್ವೀಪಕ್ಕೆ ಒಂದೇ ರಿಸಾರ್ಟ್ ಅನ್ನುವ ಪದ್ಧತಿ ಬೆಳೆಯಿತು. ಯಾರೂ ವಾಸ ಇಲ್ಲದ ದ್ವೀಪವನ್ನು ಗುತ್ತಿಗೆಗೆ ಕೊಡುವುದು. ಕರೆಂಟು, ನೀರು, ಚರಂಡಿ, ಜೆಟ್ಟಿ ಎಲ್ಲ ರಿಸಾರ್ಟಿನವರೇ ಮಾಡಿಕೊಳ್ಳಬೇಕು. ಸರ್ಕಾರಕ್ಕೆ ಖರ್ಚಿಲ್ಲ, ಬಾಡಿಗೆ ಬರುತ್ತದೆ. ಆದರೆ ಮಗಳನ್ನು ದೂರದ ರಿಸಾರ್ಟಿನಲ್ಲಿ ತಿಂಗಳುಗಟ್ಟಲೆ ಕೆಲಸಕ್ಕೆ ಬಿಡಲು ತುಂಬಾ ಮನೆಯವರು ಒಪ್ಪುವುದಿಲ್ಲ, ಹಾಗಾಗಿ ಆ ಸಂಬಳ ಹಳ್ಳಿಯ ಹೆಂಗಸರ ಕೈಗೆ ಸಿಕ್ಕಿದ್ದು ಕಡಿಮೆ. 2009ರ ಆಸುಪಾಸಿನಲ್ಲಿ ಊರಿರುವ ದ್ವೀಪಗಳಲ್ಲೂ ಗೆಸ್ಟ್‌ಹೌಸಿಗೆ ಅವಕಾಶ ಕೊಟ್ಟ ಮೇಲೆ ಸ್ವಲ್ಪ ಬದಲಾಯಿತು. ಪ್ರವಾಸಿಗರನ್ನೇ ನಂಬಿ ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಟ್ಟ ಅಪಾಯ ಮಾತ್ರ ಹಾಗೇ ಇದೆ. 2020ರಲ್ಲಿ ಕೊರೊನಾಗೆ ಮೂರೂವರೆ ತಿಂಗಳು ಬಾಗಿಲು ಹಾಕಿದ್ದಕ್ಕೆ ಆ ವರ್ಷ ಜಿಡಿಪಿ ಮೂರನೇ ಒಂದು ಭಾಗದಷ್ಟು ಕುಸಿಯಿತು.

ಇನ್ನು ಯೋಜನೆಯ ಪುಸ್ತಕಗಳು. 1985ರಿಂದ ಏಳು ರಾಷ್ಟ್ರೀಯ ಯೋಜನೆ ಬಂದವು, ಏಳನೆಯದು 2006ರಿಂದ 2010ಕ್ಕೆ. ಅದರ ಮಧ್ಯೆ 2008ರಲ್ಲಿ ಸರ್ಕಾರ ಬದಲಾಯಿತು, ಹೊಸಬರು ತಮ್ಮದೇ ಯೋಜನೆ ತಂದರು. ಅಲ್ಲಿಂದ ಮುಂದೆ ಸರ್ಕಾರ ಬದಲಾದಾಗಲೆಲ್ಲ ಪುಸ್ತಕವೂ ಬದಲಾಯಿತು. ನನ್ನ ಪ್ರಕಾರ ದೊಡ್ಡ ತೊಂದರೆ ಇದೇ. ಇಂಥ ಕಡೆ ಒಂದು ದ್ವೀಪದ ಬಗ್ಗೆ ತಗೊಂಡ ತೀರ್ಮಾನ ಮೂವತ್ತು ನಲವತ್ತು ವರ್ಷ ನಿಲ್ಲಬೇಕು, ಅವರದ್ದು ಐದು ವರ್ಷಕ್ಕೆ ಅಳಿಸಿಹೋಗುತ್ತದೆ.

ಯೋಜನೆಯಲ್ಲಿ ಬರೆಯದೇ ನಡೆದುಬಿಡುವುದು ಇನ್ನೊಂದಿದೆ. ನಮ್ಮ ಶಾಲೆ ಹತ್ತನೇ ಕ್ಲಾಸಿಗೆ ಮುಗಿಯುತ್ತಿತ್ತು. ಚುರುಕಾದ ಹುಡುಗ ಮುಂದೆ ಓದಬೇಕು ಅಂದರೆ ಮಾಲೆಗೆ ಹೋಗಬೇಕು, ಅವನ ಜೊತೆ ಅಮ್ಮ, ಅಮ್ಮನ ಜೊತೆ ಚಿಕ್ಕ ಮಕ್ಕಳು. ಬರೀ 2 ಚದರ ಕಿಲೋಮೀಟರಿನ ಮಾಲೆಯಲ್ಲಿ ಒಂದು ರೂಮಿಗೆ ಅಪ್ಪನ ಸಂಬಳದ ಮುಕ್ಕಾಲು ಪಾಲು. ಹೀಗೆ ಒಂದೊಂದೇ ಮನೆ ಬೀಗ ಹಾಕಿಕೊಂಡು, ಈಗ ದೇಶದ ಹತ್ತರಲ್ಲಿ ನಾಲ್ಕು ಜನ ಮಾಲೆ ಸುತ್ತಮುತ್ತಲೇ ಇದ್ದಾರೆ. ಅವರಿಗಾಗಿ 1997ರಿಂದ ಸಮುದ್ರಕ್ಕೆ ಮರಳು ತುಂಬಿ ಹುಲ್ಹುಮಾಲೆ ಅನ್ನುವ ದ್ವೀಪವನ್ನೇ ಮಾಡಿದರು, ಸಮುದ್ರ ಮಟ್ಟದಿಂದ ಸುಮಾರು 2 ಮೀಟರ್ ಎತ್ತರಕ್ಕೆ. 2018ರಲ್ಲಿ ಮಾಲೆಯಿಂದ ಅಲ್ಲಿಗೆ ಸೇತುವೆಯೂ ಆಯಿತು. ಒಂದು ಹೈಯರ್ ಸೆಕೆಂಡರಿ ಕ್ಲಾಸು ಹತ್ತಿರದಲ್ಲಿ ಇದ್ದಿದ್ದರೆ ಎಷ್ಟೋ ಮನೆಯವರು ಊರಲ್ಲೇ ಉಳಿಯುತ್ತಿದ್ದರು ಅಂತ ನನಗನ್ನಿಸುತ್ತದೆ. ನಾನು ಮೇಷ್ಟ್ರು, ಹಾಗನ್ನಿಸುವುದು ಸಹಜ ಬಿಡಿ.

ಆ ಹೆರಿಗೆ ರಾತ್ರಿಯ ಹುಡುಗನ ಮನೆಯವರೂ ಈಗ ಹುಲ್ಹುಮಾಲೆಯ ಒಂದು ಫ್ಲಾಟಿನಲ್ಲಿದ್ದಾರೆ. ಹೋದ ಸಲ ರಜೆಗೆ ಊರಿಗೆ ಹೋಗಿದ್ದಾಗ ಅವನು ಫೋಟೋ ಕಳಿಸಿದ್ದ. ಬಂದರು ಕೊನೆಗೂ ತೋಡಿದ್ದಾರೆ, ಕಾಂಕ್ರೀಟ್ ಕಟ್ಟೆ, ಸಾಲು ದೀಪ, ಎಲ್ಲ ಚೆನ್ನಾಗಿದೆ. ಒಳಗೆ ಮೂರು ದೋಣಿ ನಿಂತಿದ್ದವು.