ಜನರೇಟರ್‌ನಲ್ಲಿ 1 ವೋಲ್ಟ್, ಸ್ಕೋಪ್‌ನಲ್ಲಿ 2 ವೋಲ್ಟ್: ಕೆಟ್ಟಿರುವುದು ಯಾವುದು?

ಫಂಕ್ಷನ್ ಜನರೇಟರ್‌ನಲ್ಲಿ (ಪರೀಕ್ಷೆಗೆ ಬೇಕಾದ ಅಲೆ ಹುಟ್ಟಿಸುವ ಉಪಕರಣ) 1 ವೋಲ್ಟ್ ಇಟ್ಟರೆ ಸ್ಕೋಪ್ (ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್) 2 ವೋಲ್ಟ್ ತೋರಿಸುತ್ತದೆ, ಅದೇ 2 ಮೀಟರ್ ಕೇಬಲ್‌ನಲ್ಲಿ ಬೋರ್ಡಿನ 3.3 ವೋಲ್ಟ್ ಕ್ಲಾಕ್ (ಚಿಪ್‌ಗಳಿಗೆ ತಾಳ ಹಾಕುವ ಸಿಗ್ನಲ್) ನೋಡಿದರೆ ಅಲೆ ಕುಣಿಯುತ್ತದೆ, ಸ್ಕೋಪ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಯಾವುದೂ ಕೆಟ್ಟಿಲ್ಲ.

ಮೊದಲನೆಯದು ಸುಲಭ. ಜನರೇಟರ್ ಒಳಗೆ 50 ಓಮ್ ಇದೆ, ಹೊರಗೂ 50 ಓಮ್ ಲೋಡ್ ಇದೆ ಅಂದುಕೊಂಡೇ ಅದು ಪರದೆಯ ಮೇಲೆ 1 ವೋಲ್ಟ್ ಅನ್ನುತ್ತದೆ. ನಿಮ್ಮ ಸ್ಕೋಪ್ ಇನ್‌ಪುಟ್ 1 ಮೆಗಾಓಮ್‌ನಲ್ಲಿದೆ, ಒಳಗಿನ 50 ಓಮ್‌ನಲ್ಲಿ ಅರ್ಧ ವೋಲ್ಟೇಜ್ ಕಳೆಯುವುದು ತಪ್ಪುತ್ತದೆ, ಹಾಗಾಗಿ ಎರಡು ಪಟ್ಟು ಬರುತ್ತದೆ. ಜನರೇಟರ್ ಮೆನುವಿನಲ್ಲಿ ಲೋಡ್ ಹೈ-ಝಡ್ (ಅಂದರೆ ತುಂಬಾ ದೊಡ್ಡ ಓಮ್‌ನ ಲೋಡ್) ಮಾಡಿ, ಇಲ್ಲವೇ ಸ್ಕೋಪನ್ನು 50 ಓಮ್‌ಗೆ ಹಾಕಿ. ಎರಡನ್ನೂ ಮಾಡಿದರೆ ಅರ್ಧ ಕಾಣಿಸುತ್ತದೆ!

ಕ್ಲಾಕ್ ವಿಷಯ ಬೇರೆ. ಮಾಮೂಲಿ ಆರ್‌ಜಿ-58 ಅನ್ನುವ 50 ಓಮ್ ಕೇಬಲ್‌ನಲ್ಲಿ ಸಿಗ್ನಲ್‌ಗೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. ಅದು ಸ್ಕೋಪ್‌ನ 1 ಮೆಗಾಓಮ್‌ಗೆ ಬಡಿದು ವಾಪಸ್ ಬರುತ್ತದೆ, ಚಿಪ್ ಕಡೆಯೂ 50 ಓಮ್ ಇಲ್ಲದ್ದರಿಂದ ಅಲ್ಲಿಂದ ಮತ್ತೆ ತಿರುಗಿ ಹೊರಡುತ್ತದೆ. ಹೋಗಿ ಬರಲು 20 ನ್ಯಾನೋಸೆಕೆಂಡ್. ಅಲೆ 20 ನ್ಯಾನೋಸೆಕೆಂಡ್ ಮೇಲೆ, 20 ನ್ಯಾನೋಸೆಕೆಂಡ್ ಕೆಳಗೆ ಅಂತ ಕುಣಿಯುತ್ತಿದ್ದರೆ ಅದು ಬೋರ್ಡಿನದ್ದಲ್ಲ, ಕೇಬಲ್‌ನದ್ದು. ಅನುಮಾನ ಇದ್ದರೆ 1 ಮೀಟರ್ ಕೇಬಲ್ ಹಾಕಿ ನೋಡಿ, ಕುಣಿತದ ಕಾಲ ಅರ್ಧಕ್ಕೆ ಇಳಿಯುತ್ತದೆ.

ಹಾಗಂತ ಸುಮ್ನೆ ಸ್ಕೋಪನ್ನು 50 ಓಮ್ ಮಾಡಿದರೂ ಸರಿಹೋಗುವುದಿಲ್ಲ. 3.3 ವೋಲ್ಟ್‌ಗೆ 66 ಮಿಲಿಆಂಪ್ ಬೇಕು, ಸಾಮಾನ್ಯ ಚಿಪ್ ಅಷ್ಟು ಕೊಡುವುದಿಲ್ಲ, ವೋಲ್ಟೇಜ್ ಕುಸಿಯುತ್ತದೆ. ನಾನು ಮಾಡುವುದು ಹೀಗೆ: ಕೇಬಲ್‌ನ ಬೋರ್ಡ್ ತುದಿಗೆ 450 ಓಮ್ ರೆಸಿಸ್ಟರ್ ಬೆಸುಗೆ ಹಾಕಿ, ಗ್ರೌಂಡ್ ತಂತಿ ಆದಷ್ಟು ಗಿಡ್ಡ ಇಟ್ಟು, ಸ್ಕೋಪನ್ನು 50 ಓಮ್‌ಗೆ ಹಾಕುತ್ತೇನೆ. ಚಿಪ್‌ಗೆ 500 ಓಮ್ ಲೋಡ್ ಮಾತ್ರ, ಹತ್ತು ಪಟ್ಟು ಕಡಿಮೆ ಓದುತ್ತದೆ, ಅಲೆ ಏರುವ, ಇಳಿಯುವ ಅಂಚು ಮಾತ್ರ ಚೊಕ್ಕ. ಇದು ಸಾಮಾನ್ಯ ಪ್ರೋಬ್‌ಗಿಂತ ಎಷ್ಟೋ ವಾಸಿ.

ನಿಮ್ಮ ಸ್ಕೋಪ್‌ನಲ್ಲಿ 50 ಓಮ್ ಆಯ್ಕೆಯೇ ಇಲ್ಲದಿದ್ದರೆ (ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ) ಬಿಎನ್‌ಸಿ (ಈ ಕೇಬಲ್‌ಗಳ ಕನೆಕ್ಟರ್) ಟೀ, ಅಂದರೆ T ಆಕಾರದ ಕವಲು, ಮತ್ತು 50 ಓಮ್ ಟರ್ಮಿನೇಟರ್ (ತುದಿಗೆ ಹಾಕುವ ರೆಸಿಸ್ಟರ್) ತನ್ನಿ. ಟೀ ಸ್ಕೋಪ್‌ನ ಮೂತಿಗೇ ಕೂರಬೇಕು, ಜನರೇಟರ್ ಕಡೆ ಅಲ್ಲ.

ಕೇಬಲ್ ಮೇಲಿನ ಬರಹವನ್ನೂ ಓದಿ. ನಾನು ಭೋಸರಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಣೆಯ ಬುಧವಾರ ಪೇಟೆಗೆ ಹೋಗಿ ಕೇಬಲ್ ತಂದೆ, 'ಎಲ್ಲ ಒಂದೇ ಸಾಹೇಬ್' ಅಂದ ಅಂಗಡಿಯವ. ಅದು ಟಿವಿಗೆ ಹಾಕುವ ಆರ್‌ಜಿ-59, 75 ಓಮ್. ಬಿಎನ್‌ಸಿ ಚೆನ್ನಾಗಿಯೇ ಕೂರುತ್ತದೆ, ಅದೇ ತೊಂದರೆ. 75ರಿಂದ 50ಕ್ಕೆ ಹೋಗುವಾಗ 20 ಪರ್ಸೆಂಟ್ ವೋಲ್ಟೇಜ್ ವಾಪಸ್ ಬರುತ್ತದೆ. ಅರ್ಧ ದಿನ ಬೋರ್ಡಿಗೇ ಬೈದೆ.

ಇನ್ನೊಂದು: 50 ಓಮ್ ಇನ್‌ಪುಟ್ ಸಾಮಾನ್ಯವಾಗಿ 5 ವೋಲ್ಟ್ ಆರ್‌ಎಂಎಸ್ (ಅಷ್ಟೇ ಬಿಸಿ ಮಾಡುವ ಡಿಸಿ ವೋಲ್ಟೇಜಿಗೆ ಸಮ) ಮಾತ್ರ ತಡೆಯುತ್ತದೆ, ಅಂದರೆ ಅರ್ಧ ವ್ಯಾಟ್. ಮರೆತು 12 ವೋಲ್ಟ್ ಸಪ್ಲೈಗೆ ಮುಟ್ಟಿಸಿದರೆ ಹತ್ತಿರ ಹತ್ತಿರ 3 ವ್ಯಾಟ್. ಹೊರಗಿನ ಟರ್ಮಿನೇಟರ್ ಸುಟ್ಟರೆ ಹೊಸದು ತರಬಹುದು, ಒಳಗಿನದು ಸುಟ್ಟರೆ ಸ್ಕೋಪೇ ರಿಪೇರಿಗೆ ಹೋಗಬೇಕು. ನಾನು ಒಂದು ಕಳಿಸಿದ್ದೇನೆ.