ಕೆರೆಯ ಹೂಳು: ಮೊದಲ ಖರ್ಚು ಎಲ್ಲಿಗೆ?

ಪ್ರಶ್ನೆ: ನಮ್ಮ ಕೆರೆಗೆ ಸುಮಾರು 120 ಹೆಕ್ಟೇರ್ ಹೊಲಗಳ ಮಳೆನೀರು ಬರುತ್ತದೆ. ವರ್ಷವರ್ಷ ಹೂಳು ತುಂಬುತ್ತಿದೆ, ಬೇಸಿಗೆಯಲ್ಲಿ ನೀರು ಹಸಿರಾಗಿ ನಾರುತ್ತದೆ. ಇರುವ ಅಲ್ಪ ಹಣದಲ್ಲಿ ಕೆರೆ ಬಾಯಲ್ಲೇ ಹೂಳುಗುಂಡಿ ತೋಡಿಸಬಹುದೇ?
– ಕೆರೆ ಬಳಕೆದಾರರ ಸಂಘದ ಸದಸ್ಯರು, ಕೋಲಾರ ಜಿಲ್ಲೆ

ಉತ್ತರ: ಗುಂಡಿಯಿಂದ ಶುರು ಮಾಡಬೇಡಿ. ಅದರಲ್ಲಿ ಮರಳು, ದಪ್ಪ ಮಣ್ಣು ನಿಲ್ಲುತ್ತದೆ. ನುಣುಪು ಜೇಡಿ ನೀರಿನ ಜೊತೆ ಕೆರೆಗೇ ಹೋಗುತ್ತದೆ. ಡಿಎಪಿ ಗೊಬ್ಬರದ ರಂಜಕ (ಫಾಸ್ಫರಸ್) ಹೆಚ್ಚಾಗಿ ಅಂಟಿಕೊಳ್ಳುವುದು ಆ ಜೇಡಿಗೇ. ಪಾಚಿ ಬೆಳೆಯುವುದೂ ಬಹುಮಟ್ಟಿಗೆ ಆ ರಂಜಕದಿಂದಲೇ.

ಎಲ್ಲ ಹೊಲಗಳೂ ಒಂದೇ ಸಮ ಮಣ್ಣು ಕಳಿಸುವುದಿಲ್ಲ. ಕೆಲವೇ ಇಳಿಜಾರು ತುಂಡುಗಳು, ಒಂದೆರಡು ಕೊರಕಲುಗಳು ಬಹುಪಾಲು ಕಳಿಸುತ್ತವೆ. ಜೋರು ಮಳೆಯಲ್ಲಿ ಪ್ರತಿ ಕಾಲುವೆಯಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಂದು ಲೀಟರ್ ನೀರು ಹಿಡಿಯಿರಿ. ಹಳ್ಳಕ್ಕೆ ಇಳಿಯಬೇಡಿ, ಉದ್ದನೆ ಬಿದಿರಿಗೆ ಬಾಟಲಿ ಕಟ್ಟಿ. ಎರಡು ದಿನ ಅಲುಗಿಸದೆ ಇಟ್ಟು, ತಳದ ಮಣ್ಣಿನ ಎತ್ತರ ಅಳೆದು, ಅದನ್ನು ಕಾಲುವೆಯ ಹರಿವಿನಿಂದ ಗುಣಿಸಿ. ಹರಿವು ಎಂದರೆ ನೀರಿನ ಅಗಲ, ಆಳ ಮತ್ತು ತೇಲುವ ಎಲೆಯ ವೇಗದ ಗುಣಲಬ್ಧ. ಹರಿವು ಸೇರಿಸದಿದ್ದರೆ, ಕಡುಕೆಂಪು ನೀರಿನ ಸಣ್ಣ ಕಾಲುವೆಯೇ ದೊಡ್ಡ ಅಪರಾಧಿಯಂತೆ ಕಾಣುತ್ತದೆ.

ಆಮೇಲೆ ಪ್ರತಿ ಕೆಲಸಕ್ಕೂ ಒಂದು ಲೋಡ್ ಹೂಳು ತಡೆಯಲು ತಗಲುವ ವೆಚ್ಚ ತೆಗೆಯಿರಿ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಕೊರಕಲಿಗೆ ಅಡ್ಡ ಕಟ್ಟುವ ಕಲ್ಲಿನ ತಡೆಗಳಿಗೆ 30,000 ರೂ., ಬಾಳಿಕೆ 5 ವರ್ಷ, ದುರಸ್ತಿ ವರ್ಷಕ್ಕೆ 2,000. ಅಲ್ಲಿಗೆ ವರ್ಷದ ಖರ್ಚು 8,000. 40 ಲೋಡ್ ನಿಂತರೆ ಲೋಡಿಗೆ 200 ರೂ. ಗುಂಡಿಗೆ 60,000, ಬಾಳಿಕೆ ಅಷ್ಟೇ, ಹೂಳೆತ್ತಲು ವರ್ಷಕ್ಕೆ 18,000 ಆದರೆ ವರ್ಷಕ್ಕೆ 30,000. 60 ಲೋಡ್ ನಿಂತರೂ ಲೋಡಿಗೆ 500. ಹೂಳೆತ್ತುವ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಬಿಡುವುದರಿಂದಲೇ ಗುಂಡಿ ಅಗ್ಗವೆನಿಸುವುದು.

ಗಾರೆಯಿಲ್ಲದೆ ಜೋಡಿಸುವ ಒಣಕಲ್ಲಿನ ತಡೆಗಳಲ್ಲಿ ಕೆಳಗಿನದರ ನಡುಭಾಗದ ಮೇಲಂಚು ಮೇಲಿನದರ ಬುಡದ ಮಟ್ಟಕ್ಕೆ ಬರಬೇಕು. ನೂರಕ್ಕೆ 5ರ ಇಳಿಜಾರಿನಲ್ಲಿ ನಡುವಿನ ಎತ್ತರ 75 ಸೆಂ.ಮೀ. ಆದರೆ ಅಂತರ 15 ಮೀಟರ್. ನಡುಭಾಗ ತುದಿಗಳಿಗಿಂತ 25–30 ಸೆಂ.ಮೀ. ತಗ್ಗಿರಲಿ, ತುದಿಗಳು ಅರ್ಧ ಮೀಟರ್ ದಡದೊಳಗೆ ಹೋಗಲಿ. ಹೀಗೆ ಮಾಡದಿದ್ದರೆ ನೀರು ಪಕ್ಕದ ದಡ ಕೊರೆದು ಹೋಗುತ್ತದೆ, ತಡೆ ಒಂಟಿಯಾಗಿ ನಿಲ್ಲುತ್ತದೆ. ನೀರು ಧುಮುಕುವ ಕಡೆ ಕಲ್ಲು ಹಾಸಿ.

ದುಡ್ಡೇ ಬೇಡದ ಕೆಲಸಗಳನ್ನು ಅದಕ್ಕೂ ಮೊದಲೇ ಮುಗಿಸಿ: ಇಳಿಜಾರಿಗೆ ಅಡ್ಡ ಉಳುಮೆ, ಡಿಎಪಿ ಎರಚದೆ ಕೂರಿಗೆಯಲ್ಲಿ ಮಣ್ಣೊಳಗೆ ಕೊಡುವುದು, ಕಾಲುವೆ ಪಕ್ಕದ ತಿಪ್ಪೆಗಳನ್ನು ಎತ್ತಿಸುವುದು. ಬದುವಿನ ಮೇಲೆ ಲಾವಂಚ ನೆಡುವುದಾದರೆ 10–15 ಸೆಂ.ಮೀ.ಗೆ ಒಂದು ಸಸಿ. ಸತ್ತ ಕಡೆ ತಕ್ಷಣ ಮರುನಾಟಿ ಮಾಡಿ, ನೀರೆಲ್ಲ ಆ ಸಂದಿಗೇ ನುಗ್ಗುತ್ತದೆ.

ಪ್ರಶ್ನೆ: ಬಚ್ಚಲು ನೀರೂ ಅದೇ ಕಾಲುವೆಗೆ ಸೇರುತ್ತದೆ. ಹುಲ್ಲಿನ ಪಟ್ಟಿ ಸಾಕೇ?

ಉತ್ತರ: ಸಾಲದು. ಹುಲ್ಲು ಮಣ್ಣನ್ನು ಹಿಡಿಯುತ್ತದೆ. ನೀರಿನಲ್ಲಿ ಕರಗಿದ್ದು ಬಹುಪಾಲು ದಾಟಿ ಹೋಗುತ್ತದೆ. ಮನೆ ಹತ್ತಿರವೇ ಇಂಗುಗುಂಡಿ ಮಾಡಿ, ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿ. ಗುಂಡಿಗೆ ಮುಂಚೆ ಜಿಡ್ಡು, ಕಸ ತಡೆಯುವ ಪುಟ್ಟ ತೊಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಗುಂಡಿಯ ಗೋಡೆ ಮೆತ್ತಿಕೊಂಡು ನೀರು ಇಂಗುವುದು ನಿಲ್ಲುತ್ತದೆ. ಜಿಗಟು ಜೇಡಿ ನೆಲವಾದರೆ ಗುಂಡಿ ಬಿಟ್ಟು ಬಾಳೆಗಿಡಗಳಿಗೆ ಹಾಯಿಸಿ.