ಓದುಗರ ಪ್ರಶ್ನೆ: ಮಾಲ್ಡೀವ್ಸ್ ರೆಸಾರ್ಟ್ ಖರ್ಚು

ಪ್ರಶ್ನೆ: ಬೆಂಗಳೂರಿನಿಂದ ಗಂಡ-ಹೆಂಡತಿ ಇಬ್ಬರೇ ನಾಲ್ಕು ರಾತ್ರಿಗೆ ಮಾಲ್ಡೀವ್ಸ್‌ನ ಕಡಲತೀರದ ರೆಸಾರ್ಟಿಗೆ ಹೊರಟಿದ್ದೇವೆ. ಕೋಣೆಯ ಬಾಡಿಗೆ ಬಿಟ್ಟು ಇನ್ನೇನು ಖರ್ಚು ಬರುತ್ತದೆ?

ಉತ್ತರ: ದರದ ಮುಂದೆ ಎರಡು ಕೂಡಿಸುವ ಗುರುತು (++) ಇದೆಯೇ ಎಂದು ಮೊದಲು ನೋಡಿ. ಇದ್ದರೆ ಶೇ 10 ಸೇವಾಶುಲ್ಕ, ಅದರ ಮೇಲೆ ಶೇ 17 ಪ್ರವಾಸೋದ್ಯಮ ತೆರಿಗೆ ಸೇರಿ 100 ಡಾಲರಿನ ಊಟ 128.70 ಡಾಲರ್ ಆಗುತ್ತದೆ. ಹಸಿರು ತೆರಿಗೆ ಬೇರೆ: ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್, ನಿಮ್ಮಿಬ್ಬರಿಗೆ 96.

ಹೆಚ್ಚಿನವರು ಎಡವುವುದು ದ್ವೀಪಕ್ಕೆ ಹೋಗುವ ಸಾರಿಗೆಯಲ್ಲಿ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಅಂದರೆ ಸೀಪ್ಲೇನ್, ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ರಾಜಧಾನಿ ಮಾಲೆ ಅಥವಾ ಅದರ ಹತ್ತಿರದ ಹುಳುಮಾಲೆಯಲ್ಲಿ ಉಳಿಯಬೇಕು, ರೆಸಾರ್ಟಿನ ಒಂದು ರಾತ್ರಿಯ ಹಣ ವ್ಯರ್ಥ. ಆದ್ದರಿಂದ ಮಧ್ಯಾಹ್ನಕ್ಕೆ ಮೊದಲೇ ತಲುಪುವ ವಿಮಾನ ಹಿಡಿಯಿರಿ. ಅದು ಸಿಗದಿದ್ದರೆ ಸ್ಪೀಡ್‌ಬೋಟ್ ತಲುಪುವ ಹತ್ತಿರದ ದ್ವೀಪವೇ ಜಾಣತನ. ಸೀಪ್ಲೇನಿನಲ್ಲಿ ಸಾಮಾನಿನ ತೂಕದ ಮಿತಿ ಸಾಮಾನ್ಯವಾಗಿ 20 ಕಿಲೋ, ಕೈಚೀಲಕ್ಕೆ 5.

‘ಹಾಫ್ ಬೋರ್ಡ್’ ಎಂದರೆ ತಿಂಡಿ, ರಾತ್ರಿಯೂಟ ಮಾತ್ರ. ದ್ವೀಪದಲ್ಲಿ ಬೇರೆ ಹೋಟೆಲ್ ಇರುವುದಿಲ್ಲ, ಹಾಗಾಗಿ ಮಧ್ಯಾಹ್ನದ ಊಟ ದುಬಾರಿ. ಸಸ್ಯಾಹಾರಿಗಳಾದರೆ ಮೊದಲೇ ಇಮೇಲಿನಲ್ಲಿ ತಿಳಿಸಿ. ಮೀನಿನ ಸಾರು ಬೇಡವೆಂದು ಬಿಡಿಸಿ ಬರೆಯಿರಿ.

ಭಾರತೀಯರಿಗೆ ಅಲ್ಲಿ ಇಳಿದಾಗಲೇ ಉಚಿತ ವೀಸಾ ಸಿಗುತ್ತದೆ. ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ಮಾಲ್ಡೀವ್ಸ್ ವಲಸೆ ಇಲಾಖೆಯ ಇಮುಗಾ ಜಾಲತಾಣದಲ್ಲಿ ಪ್ರಯಾಣಿಕರ ಘೋಷಣೆ ತುಂಬಿ. ಮದ್ಯ ಒಯ್ಯುವಂತಿಲ್ಲ, ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ.